ಸಿಬಿಲ್‌ನಲ್ಲಿ ಹೆಸರೇ ಇಲ್ಲದವರು ಎಲ್ಲಿಂದ ಆರಂಭಿಸಬೇಕು?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದಂತಹ ಊರುಗಳಿಗೆ ಸಾಲವೆಂಬುದು ಹೊಸ ಸಂಗತಿಯೇನಲ್ಲ. ಶಾಲೆ ಆರಂಭವಾಗುವ ಹೊತ್ತಿಗೆ ಬಂಗಾರ ಅಡವಿಡುವುದು, ಚಿಟ್ಟಿ ಹಿಡಿದ ಹಣದಲ್ಲಿ ಮನೆಗೆ ಮಾಡು ಹೊದಿಸುವುದು, ಅಡಿಕೆ ಮಾರಿದ ಮೇಲೆ ಕೊಡುವುದೆಂದು ಅಂಗಡಿಯಿಂದ ಸಾಮಾನು ತರುವುದು ತಲೆಮಾರುಗಳಿಂದ ನಡೆದು ಬಂದಿದೆ. ಹೆಚ್ಚಿನವರು ಮಾತಿಗೆ ತಪ್ಪದೆ ತೀರಿಸಿಯೂ ಇದ್ದಾರೆ. ಆದರೆ ಇಂತಹ ಮನೆಯ ಮಗನೋ ಮಗಳೋ ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ವಾಹನಕ್ಕೋ ಮನೆಗೋ ಸಾಲ ಕೇಳಲು ಹೋದಾಗ, ಸಿಬಿಲ್‌ನಲ್ಲಿ ಏನೂ ಕಾಣುತ್ತಿಲ್ಲ ಎಂಬ ಉತ್ತರ ಬರುವುದುಂಟು. ಅವರು ಕೊಟ್ಟು ತೀರಿಸಿದ್ದೆಲ್ಲ ಬ್ಯಾಂಕು ನೋಡುವ ಕಡತದಲ್ಲಿ ಬರೆದೇ ಇರುವುದಿಲ್ಲ ಎಂಬುದೇ ಇದಕ್ಕೆ ಕಾರಣ.

ಆ ಕಡತವನ್ನು ಇಟ್ಟುಕೊಳ್ಳುವ ಕಂಪನಿಗಳು ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್. ಇವುಗಳಲ್ಲಿ ಮೊದಲನೆಯದರ ಹೆಸರೇ ಜನರ ಬಾಯಲ್ಲಿ ಎಲ್ಲವಕ್ಕೂ ನಿಂತಿದೆ. 2005ರ ಕಾಯ್ದೆಯ ಅಡಿಯಲ್ಲಿ ಕೆಲಸ ಮಾಡುವ ಈ ಕಂಪನಿಗಳು ಬ್ಯಾಂಕುಗಳಿಂದಲೂ ಹಣಕಾಸು ಸಂಸ್ಥೆಗಳಿಂದಲೂ ಪ್ರತಿಯೊಬ್ಬ ಸಾಲಗಾರನ ಲೆಕ್ಕ ಪಡೆದು, 300ರಿಂದ 900ರೊಳಗೆ ಒಂದು ಅಂಕ ಕೊಡುತ್ತವೆ. 750ರ ಮೇಲಿದ್ದರೆ ಒಳ್ಳೆಯದೆಂಬ ರೂಢಿಯಿದೆ, ಆದರೆ ಕೊನೆಯ ತೀರ್ಮಾನ ಆಯಾ ಬ್ಯಾಂಕಿನದು. ಚರಿತ್ರೆ ಇಲ್ಲದಿರುವುದು ಕೆಟ್ಟ ಚರಿತ್ರೆಗೆ ಸಮವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಹಿಂದೆ ಸಾಲ ಪಡೆದಿಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ತಳ್ಳಿಹಾಕಬಾರದೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯ ನಿರ್ದೇಶನದಲ್ಲಿ ಬ್ಯಾಂಕುಗಳಿಗೆ ತಿಳಿಸಿದೆ. ಶಾಖೆಯಲ್ಲಿ ಹಾಗೆ ಯಾರಾದರೂ ಹೇಳಿದರೆ ಈ ಮಾತನ್ನು ಸೌಜನ್ಯದಿಂದ ನೆನಪಿಸಬಹುದು.

ಹೆಸರು ಒಂದೇ ರೀತಿ ಇರಲಿ

ಮೊದಲ ಕೆಲಸ ಸಾಲಕ್ಕೆ ಸಂಬಂಧಿಸಿದ್ದೇ ಅಲ್ಲ, ಕಾಗದಪತ್ರಕ್ಕೆ ಸಂಬಂಧಿಸಿದ್ದು. ನಮ್ಮ ಜಿಲ್ಲೆಯ ಕನ್ನಡಿಗರ ಹೆಸರು ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಮಲಯಾಳ ಲಿಪಿಯ ಮೂಲಕ ಹಾದು ಇಂಗ್ಲಿಷಿಗೆ ಬಂದ ಆಧಾರ್‌ನಲ್ಲಿ ಇನ್ನೊಂದು ರೀತಿ, ಇನಿಶಿಯಲ್ ಬಿಡಿಸಿ ತಂದೆಯ ಹೆಸರು ಸೇರಿಸಿದ ಪಾನ್ ಕಾರ್ಡಿನಲ್ಲಿ ಮತ್ತೊಂದು ರೀತಿ ಇರುವುದು ಸಾಮಾನ್ಯ. ಕ್ರೆಡಿಟ್ ಕಂಪನಿಗಳು ಹೆಸರು, ಜನ್ಮದಿನಾಂಕ, ಪಾನ್, ವಿಳಾಸ, ಮೊಬೈಲ್ ಸಂಖ್ಯೆ ಇವುಗಳನ್ನು ಹೊಂದಿಸಿ ನೋಡಿ ಸಾಲವನ್ನು ಒಬ್ಬರ ಖಾತೆಗೆ ಸೇರಿಸುತ್ತವೆ. ಇವು ಹೊಂದದಿದ್ದರೆ ಒಬ್ಬರದೇ ಚರಿತ್ರೆ ಎರಡು ಪಾಲಾಗಬಹುದು, ಅದಕ್ಕಿಂತಲೂ ಕೆಟ್ಟದೆಂದರೆ ಅದೇ ಹೆಸರಿನ ಬೇರೊಬ್ಬರ ಬಾಕಿ ನಮ್ಮ ತಲೆಗೆ ಬರಬಹುದು. ಆದ್ದರಿಂದ ಪಾನ್, ಆಧಾರ್ ಮತ್ತು ಬ್ಯಾಂಕ್ ಖಾತೆಯ ಅಕ್ಷರಗಳನ್ನು ಮೊದಲೇ ಸರಿಹೊಂದಿಸಿಕೊಳ್ಳಬೇಕು. ಆಧಾರ್ ತಿದ್ದುಪಡಿಗೆ ಹತ್ತಿರದ ಅಕ್ಷಯ ಕೇಂದ್ರದಲ್ಲಿ ವಿಚಾರಿಸಿದರೆ ಸಾಕು.

ಬಳಿಕ ಸ್ವಂತ ವರದಿಯನ್ನು ತರಿಸಿ ಓದಬೇಕು. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಅವುಗಳ ಜಾಲತಾಣದಲ್ಲಿ ಹಣ ಕಟ್ಟುವ ಯೋಜನೆಗಳೇ ಎದ್ದು ಕಂಡರೂ ಉಚಿತ ವರದಿಯ ಕೊಂಡಿ ಅಲ್ಲಿಯೇ ಇರುತ್ತದೆ. ನಮ್ಮ ವರದಿಯನ್ನು ನಾವೇ ನೋಡಿದರೆ ಅಂಕ ಇಳಿಯುವುದಿಲ್ಲ. ಕೆಲವರಿಗೆ ಇಲ್ಲಿ ಆಶ್ಚರ್ಯವೂ ಕಾದಿರುತ್ತದೆ. ನರ್ಸಿಂಗ್ ಅಥವಾ ಎಂಜಿನಿಯರಿಂಗ್ ಓದಲು ಶಿಕ್ಷಣ ಸಾಲ ಪಡೆದವರ ಹೆಸರು ತಂದೆ ಅಥವಾ ತಾಯಿಯ ಹೆಸರಿನೊಂದಿಗೆ ಆಗಲೇ ವರದಿಯಲ್ಲಿ ಇರುತ್ತದೆ. ಆ ಸಾಲದ ಕಂತು ತಪ್ಪಿದರೆ ಇಬ್ಬರ ಚರಿತ್ರೆಯೂ ಕೆಡುತ್ತದೆ ಎಂಬುದು ಅನೇಕ ಮನೆಗಳಿಗೆ ತಿಳಿದಿರುವುದಿಲ್ಲ.

ಯಾವುದು ಲೆಕ್ಕಕ್ಕೆ ಬರುತ್ತದೆ?

ಈಗಿರುವ ವ್ಯವಹಾರಗಳಲ್ಲಿ ಯಾವುದು ದಾಖಲಾಗುತ್ತದೆ ಎಂದು ವಿಂಗಡಿಸುವುದು ಮುಂದಿನ ಹೆಜ್ಜೆ, ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದುದು. ಚಿಟ್ಟಿಗೆ ತಿಂಗಳು ತಿಂಗಳೂ ತಪ್ಪದೆ ಕಟ್ಟಿದ ಹಣ ಸಾಮಾನ್ಯವಾಗಿ ಕ್ರೆಡಿಟ್ ಚರಿತ್ರೆಯಾಗುವುದಿಲ್ಲ. ಯುಪಿಐ ಪಾವತಿ, ಡೆಬಿಟ್ ಕಾರ್ಡಿನ ಖರ್ಚು, ಉಳಿತಾಯ ಖಾತೆಯ ಶಿಲ್ಕು ಇವು ಯಾವುವೂ ಸಾಲವಲ್ಲ, ಆದ್ದರಿಂದ ಅಂಕಕ್ಕೆ ಸೇರುವುದಿಲ್ಲ. ಕೊಲ್ಲಿ ರಾಷ್ಟ್ರದಿಂದ ಬರುವ ಹಣಕ್ಕೂ ಇದೇ ಮಾತು. ದುಬೈಯಲ್ಲಿ ಕ್ರೆಡಿಟ್ ಕಾರ್ಡನ್ನು ಎಷ್ಟೇ ಚೆನ್ನಾಗಿ ನಡೆಸಿದರೂ ಅದರ ಲೆಕ್ಕ ಅಲ್ಲಿನ ಅಲ್ ಇತಿಹಾದ್ ಕ್ರೆಡಿಟ್ ಬ್ಯೂರೋಗೆ ಹೋಗುತ್ತದೆಯೇ ಹೊರತು ಊರಿಗೆ ಮರಳಿ ಮನೆ ಕಟ್ಟುವಾಗ ಇಲ್ಲಿನ ವರದಿಯಲ್ಲಿ ಕಾಣುವುದಿಲ್ಲ.

ಸಹಕಾರಿ ಸಂಘಗಳ ವಿಷಯ ಸ್ವಲ್ಪ ಸೂಕ್ಷ್ಮವಾದುದು. ಕೇರಳದ ಸೇವಾ ಸಹಕಾರಿ ಬ್ಯಾಂಕುಗಳ ಹೆಸರಿನಲ್ಲಿ ಬ್ಯಾಂಕ್ ಎಂದಿದ್ದರೂ ಅವುಗಳಲ್ಲಿ ಹೆಚ್ಚಿನವು ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು, ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕುಗಳಲ್ಲ. ಅಲ್ಲಿ ಪಡೆದ ಸಾಲ ಕ್ರೆಡಿಟ್ ಕಂಪನಿಗಳಿಗೆ ವರದಿಯಾಗುತ್ತದೆಂದು ಊಹಿಸಿಕೊಳ್ಳುವ ಬದಲು ಕಾರ್ಯದರ್ಶಿಯವರನ್ನೇ ಕೇಳುವುದು ಸರಿ. ಹಾಗೆಂದು ಸಂಘದ ವ್ಯವಹಾರವನ್ನು ಬಿಡಬೇಕೆಂದಲ್ಲ. ಕಷ್ಟಕ್ಕೆ ಮೊದಲು ಒದಗುವುದು ಅದೇ. ಕೇರಳದ ಮಹಿಳಾ ಸ್ವಸಹಾಯ ಗುಂಪಾದ ಕುಟುಂಬಶ್ರೀಯ ಮೂಲಕ ಬ್ಯಾಂಕಿನಿಂದ ಸಾಲ ಪಡೆದವರು ಅದು ಸದಸ್ಯರ ಹೆಸರಿನಲ್ಲಿಯೂ ದಾಖಲಾಗಿದೆಯೇ ಎಂದು ವಿಚಾರಿಸಬೇಕು. ಬ್ಯಾಂಕಿನಲ್ಲಿ ಅಥವಾ ನೋಂದಾಯಿತ ಹಣಕಾಸು ಕಂಪನಿಯಲ್ಲಿ ಅಡವಿಟ್ಟ ಬಂಗಾರದ ಸಾಲವಂತೂ ದಾಖಲಾಗುತ್ತದೆ. ಆದುದರಿಂದ ಬಡ್ಡಿ ಕಟ್ಟಿ ನವೀಕರಿಸುವ ದಿನವನ್ನು ಮರೆಯುವಂತಿಲ್ಲ.

ತೋಟವಿರುವವರಿಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಒಳ್ಳೆಯ ಆರಂಭ. ಮೂರು ಲಕ್ಷ ರೂಪಾಯಿವರೆಗಿನ ಬೆಳೆ ಸಾಲಕ್ಕೆ ಶೇ 7 ಬಡ್ಡಿ. ಗಡುವಿನೊಳಗೆ ತೀರಿಸಿದರೆ ಶೇ 3 ರಿಯಾಯಿತಿ ದೊರೆತು ಶೇ 4 ಮಾತ್ರ ಉಳಿಯುತ್ತದೆ. ತೊಂದರೆ ಬರುವುದು ಅಡಿಕೆಯ ಧಾರಣೆ ಏರಲಿ ಎಂದು ಕಾಯುವಾಗ. ಕ್ಯಾಂಪ್ಕೋದ ದರ ನೋಡುತ್ತ ಮಾಲನ್ನು ಅಟ್ಟದಲ್ಲಿಟ್ಟು ನವೀಕರಣದ ದಿನ ದಾಟಿಸಿದರೆ ರಿಯಾಯಿತಿಯೂ ಹೋಗುತ್ತದೆ, ವರದಿಯಲ್ಲಿ ಬಾಕಿಯೆಂದೂ ಬೀಳುತ್ತದೆ. ಕಿಲೋಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಸಿಗುವ ನಿರೀಕ್ಷೆಯಲ್ಲಿ ಇದನ್ನು ಕಳೆದುಕೊಳ್ಳುವುದು ಲಾಭದ ಲೆಕ್ಕವಲ್ಲ. ಸಾಲ ತೀರಿಸಲು ಬೇಕಾದಷ್ಟನ್ನು ಮೊದಲೇ ಮಾರಿ, ಉಳಿದದ್ದನ್ನು ಇಟ್ಟುಕೊಳ್ಳಬಹುದು.

ಸಂಬಳದವರ ಮೊದಲ ಸಾಲ

ತೋಟವಿಲ್ಲದ, ಹೊಸದಾಗಿ ಸಂಬಳ ಪಡೆಯುವವರಿಗೆ ಸುಲಭವಾದ ದಾರಿ ನಿಶ್ಚಿತ ಠೇವಣಿಯ ಆಧಾರದ ಮೇಲೆ ಕೊಡುವ ಕ್ರೆಡಿಟ್ ಕಾರ್ಡ್. ಒಂದಷ್ಟು ಸಾವಿರ ರೂಪಾಯಿಯ ಎಫ್‌ಡಿ ಇಟ್ಟರೆ ಅದಕ್ಕಿಂತ ತುಸು ಕಡಿಮೆ ಮಿತಿಯ ಕಾರ್ಡ್ ದೊರೆಯುತ್ತದೆ. ಬ್ಯಾಂಕಿಗೆ ಭದ್ರತೆ ಇರುವುದರಿಂದ ಹಳೆಯ ಚರಿತ್ರೆಯನ್ನು ಅಷ್ಟಾಗಿ ಕೇಳುವುದಿಲ್ಲ, ಠೇವಣಿಗೆ ಬಡ್ಡಿಯೂ ಬರುತ್ತಿರುತ್ತದೆ. ಈ ಕಾರ್ಡನ್ನು ಪ್ರತಿ ತಿಂಗಳೂ ತಪ್ಪದ ಒಂದೆರಡು ಖರ್ಚುಗಳಿಗೆ, ಎಂದರೆ ಮೊಬೈಲ್ ರೀಚಾರ್ಜಿಗೋ ಪೆಟ್ರೋಲಿಗೋ ಮಾತ್ರ ಬಳಸಿ, ಬಿಲ್ಲಿನ ಪೂರ್ತಿ ಹಣವನ್ನು ಗಡುವಿನೊಳಗೆ ಕಟ್ಟಬೇಕು. ಮಿತಿಯ ಶೇ 30ನ್ನು ಮೀರದಿರುವುದು ಒಳ್ಳೆಯದೆಂಬ ಲೆಕ್ಕಾಚಾರವಿದೆ. 15,000 ರೂಪಾಯಿಯ ಮಿತಿಗೆ 4,500 ಎಂದಾಯಿತು.

ಬಿಲ್ಲಿನಲ್ಲಿ ಕಾಣುವ ಕನಿಷ್ಠ ಪಾವತಿಯ ಮೊತ್ತ ಹೊಸಬರನ್ನು ಬೀಳಿಸುವ ಜಾಗ. ಅಷ್ಟನ್ನೇ ಕಟ್ಟಿದರೆ ವರದಿಯಲ್ಲಿ ಬಾಕಿಯೆಂದು ಬರುವುದಿಲ್ಲ ನಿಜ, ಆದರೆ ಉಳಿದ ಮೊತ್ತಕ್ಕೆ ತಿಂಗಳಿಗೆ ಶೇ 3ರ ಆಸುಪಾಸಿನ ಬಡ್ಡಿ ಬೀಳುತ್ತದೆ, ವರ್ಷಕ್ಕೆ ಅದು ಶೇ 36ನ್ನು ದಾಟುತ್ತದೆ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದನ್ನು ಮಾಡಲೇಬಾರದು. ಕಂತಿನ ಸಾಲ ಪಡೆದವರು ಸಂಬಳ ಬೀಳುವ ದಿನದ ನಂತರದ ಎರಡು ಮೂರು ದಿನಗಳನ್ನೇ ಕಂತಿನ ದಿನವಾಗಿ ಕೇಳಿ ಪಡೆಯಬೇಕು.

ಸುಮಾರು ಆರು ತಿಂಗಳು ಹೀಗೆ ನಡೆದರೆ ಅಂಕ ಮೂಡುತ್ತದೆ. ಆ ಅವಧಿಯಲ್ಲಿ ಬೇರೆ ಬೇರೆ ಕಡೆ ಅರ್ಜಿ ಹಾಕುತ್ತ ಹೋಗಬಾರದು. ಪ್ರತಿ ಅರ್ಜಿಗೂ ಆಯಾ ಸಂಸ್ಥೆ ವರದಿ ತರಿಸಿ ನೋಡಿದ ಗುರುತು ಉಳಿಯುತ್ತದೆ. ಮೊಬೈಲ್ ಆ್ಯಪ್‌ಗಳ ಐದು ನಿಮಿಷದ ಸಾಲದಿಂದ ದೂರವಿರುವುದೇ ಲೇಸು.

ಜಾಮೀನಿಗೆ ಸಹಿ ಹಾಕುವ ಮುನ್ನವೂ ಯೋಚಿಸಬೇಕು. ನೆರೆಮನೆಯ ಅಣ್ಣನಿಗೋ ಸೋದರಮಾವನಿಗೋ ಇಲ್ಲವೆನ್ನುವುದು ನಮ್ಮಲ್ಲಿ ಕಷ್ಟ. ಆದರೆ ಬ್ಯಾಂಕ್ ಸಾಲಕ್ಕೆ ನಿಂತ ಜಾಮೀನು ಜಾಮೀನುದಾರನ ವರದಿಯಲ್ಲಿಯೂ ಕಾಣುತ್ತದೆ, ಅವರು ಕಟ್ಟದಿದ್ದರೆ ಏಟು ಇಬ್ಬರಿಗೂ ಬೀಳುತ್ತದೆ. ಯಾವುದೇ ಸಾಲ ಕಟ್ಟಲಾಗದೆ ಬಾಕಿ ಬಿದ್ದಾಗ, ಒಂದಿಷ್ಟು ಕಟ್ಟಿ ಮುಗಿಸಿ ಎಂದು ಬ್ಯಾಂಕೇ ಹೇಳಿದರೂ, ಅದು ವರದಿಯಲ್ಲಿ ‘ಸೆಟಲ್ಡ್’ ಎಂದು ದಾಖಲಾಗಿ ವರ್ಷಗಟ್ಟಲೆ ಉಳಿಯುತ್ತದೆ ಎಂಬುದನ್ನು ತಿಳಿದೇ ಒಪ್ಪಬೇಕು.

ಗಡಿನಾಡಿನವರಿಗೆ ಉಪಯುಕ್ತವಾದ ಇನ್ನೊಂದು ಹಕ್ಕು ಭಾಷೆಯದು. ಸಾಲದ ಒಟ್ಟು ವೆಚ್ಚ, ವಾರ್ಷಿಕ ದರ, ಶುಲ್ಕ, ಕಂತು ಎಲ್ಲವನ್ನೂ ಒಂದೆಡೆ ಬರೆದ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಹಾಳೆಯನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿಯೇ ಕೊಡಬೇಕೆಂಬ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಮಲಯಾಳ ಓದಲು ಬಾರದವರು ಅದನ್ನು ಕನ್ನಡದಲ್ಲಿ ಕೇಳಬಹುದು, ಕೇಳಲೇಬೇಕು.

ವರದಿಯಲ್ಲಿ ತಪ್ಪು ಕಂಡರೆ ಆ ಕ್ರೆಡಿಟ್ ಕಂಪನಿಗೂ ಸಾಲ ಕೊಟ್ಟ ಬ್ಯಾಂಕಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಸಂಖ್ಯೆಯನ್ನು ಇಟ್ಟುಕೊಳ್ಳಬೇಕು. 30 ದಿನಗಳೊಳಗೆ ದೂರು ಇತ್ಯರ್ಥವಾಗದಿದ್ದರೆ ಅನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು. ಅದರಿಂದಲೂ ಫಲ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು. ಹೇಗೆಂದು ತಿಳಿಯಲು 14448 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾಹಿತಿ ದೊರೆಯುತ್ತದೆ.