ಅಂಗಳದ ಕನ್ನಡಿಯಲ್ಲಿ ಮೋಡ ಅಳೆದದ್ದು

ಬದಿಯಡ್ಕದ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ತುಲಾ ತಿಂಗಳಲ್ಲಿ ಅಡಿಕೆಯನ್ನು ಒಣಗಲು ಅಂಗಳಕ್ಕೆ ಹಾಕಿದ ಮೇಲೆ ದಿನವಿಡೀ ಕಣ್ಣು ಆಕಾಶದ ಮೇಲೆಯೇ. ಬೆಳಿಗ್ಗೆ ಚೊಕ್ಕ ಇರುತ್ತದೆ, ಮಧ್ಯಾಹ್ನ ಕಳೆದರೆ ಘಟ್ಟದ ಕಡೆಯಿಂದ ಕಪ್ಪಗೆ ಏರಿ ಬರುತ್ತದೆ. ಹೇಗೂ ನೋಡುತ್ತೇನಲ್ಲ, ಬರೆದೇ ಇಡೋಣ ಅಂತ ಶುರು ಮಾಡಿದೆ.

ಹವಾಮಾನದವರ ಲೆಕ್ಕ ಸುಲಭ. ಆಕಾಶವನ್ನು 8 ಪಾಲು ಮಾಡಿ, ಮೋಡ ಎಷ್ಟು ಪಾಲು ಅಂತ ಹೇಳುವುದು. ಒಂದು ಪಾಲಿಗೆ ಆಕ್ಟಾ ಅಂತ ಹೆಸರು. ಚೂರು ಮೋಡ ಇದ್ದರೂ 0 ಬರೆಯುವ ಹಾಗಿಲ್ಲ, 1 ಬರೆಯಬೇಕು. ಒಂದು ಕಿಂಡಿ ನೀಲಿ ಕಂಡರೂ 8 ಅಲ್ಲ, 7. ಮಂಜು ಮುಚ್ಚಿ ಆಕಾಶವೇ ಕಾಣದಿದ್ದರೆ 9.

ಕಣ್ಣಂದಾಜಿನಲ್ಲಿ ನಾನು ಯಾವಾಗಲೂ ಜಾಸ್ತಿಯೇ ಬರೆಯುತ್ತಿದ್ದೆ. ನೆತ್ತಿಯ ಮೇಲಿನ ಮೋಡಗಳ ನಡುವೆ ಸಂದು ಕಾಣುತ್ತದೆ, ಆದರೆ ದೂರದವುಗಳ ಮಗ್ಗುಲೂ ಕಾಣುವುದರಿಂದ ಅವೆಲ್ಲ ಒಂದಕ್ಕೊಂದು ಅಂಟಿಕೊಂಡ ಹಾಗೆ ಅನಿಸುತ್ತದೆ. ಸಾಲದ್ದಕ್ಕೆ ಕಂಗಿನ ತಲೆಗಳು ಅಡ್ಡ.

ಹಾಗಾಗಿ ರಸ್ತೆ ತಿರುವಿನಲ್ಲಿ ಇಡುವಂಥ ಉಬ್ಬುಗನ್ನಡಿ ತಂದು ಅಂಗಳದಲ್ಲಿ ಮಲಗಿಸಿದೆ. ನಡುವಿನಿಂದ ಅಂಚಿಗೆ ಮಾರ್ಕರಿನಲ್ಲಿ ಗೆರೆ ಎಳೆದು 8 ಭಾಗ ಮಾಡಿದೆ. ಬಗ್ಗಿ ನೋಡಿದರೆ ಕನ್ನಡಿಯ ನಡುವೆ ನನ್ನದೇ ತಲೆ! "ಎಂತ ಮಾರಾಯ, ಮೋಡ ನೋಡುವುದಕ್ಕೂ ಕನ್ನಡಿಯಾ?" ಅಂತ ಅಪ್ಪ ನಕ್ಕರು. ಕೊನೆಗೆ ಕೋಲಿಗೆ ಮೊಬೈಲ್ ಕಟ್ಟಿ ಮೇಲಿನಿಂದ ಫೋಟೋ ತೆಗೆದೆ.

ಫೋಟೋದಲ್ಲಿ ಮೋಡವನ್ನು ಬೇರೆ ಮಾಡುವುದು ಬಣ್ಣದಿಂದ. ಗಾಳಿ ನೀಲಿಯನ್ನು ಜಾಸ್ತಿ ಚದುರಿಸುತ್ತದೆ, ಮೋಡದ ಹನಿ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ. ಫೋಟೋದ ಒಂದೊಂದು ಚುಕ್ಕೆಯಲ್ಲೂ ಕೆಂಪು ಎಷ್ಟು ಅನ್ನುವುದನ್ನು ನೀಲಿ ಎಷ್ಟು ಅನ್ನುವುದರಿಂದ ಭಾಗಿಸಿದಾಗ 1ರ ಹತ್ತಿರ ಬಂದರೆ ಮೋಡ, ತುಂಬ ಕಡಿಮೆ ಬಂದರೆ ಬರೀ ಆಕಾಶ. ತಮ್ಮನ ಮಗ ಇದಕ್ಕೊಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟ. ಗೋಳು ಶುರುವಾದದ್ದು ಸೂರ್ಯನ ಸುತ್ತ. ಅಲ್ಲಿ ಆಕಾಶವೇ ಬೆಳ್ಳಗೆ, ಪ್ರೋಗ್ರಾಂ ಅದನ್ನೂ ಮೋಡ ಅನ್ನುತ್ತದೆ. ತಂತಿಗೆ ತೆಂಗಿನ ಗೆರಟೆ ಸಿಕ್ಕಿಸಿ, ಅದರ ನೆರಳು ಕನ್ನಡಿಯಲ್ಲಿ ಸೂರ್ಯ ಹೊಳೆಯುವ ಜಾಗಕ್ಕೆ ಬೀಳುವ ಹಾಗೆ ನಿಲ್ಲಿಸಿದೆ. ಹೊಳಪು ಹೋಯಿತು, ಬಿಳಿ ಉಳಿಯಿತು. ಆ ಜಾಗವನ್ನು ಲೆಕ್ಕದಿಂದಲೇ ಬಿಟ್ಟೆ.

ಒಂದು ದಿನ ಕಣ್ಣು, ಕನ್ನಡಿ, ಪ್ರೋಗ್ರಾಂ ಮೂರೂ 8 ಅಂದವು. ಅಡಿಕೆ ಒಳಗೆ ಹಾಕೋಣ ಅಂತ ಅಂಗಳಕ್ಕಿಳಿದರೆ ಕಾಲ ಬುಡದಲ್ಲಿ ನನ್ನ ನೆರಳು ಸ್ಪಷ್ಟವಾಗಿಯೇ ಬಿದ್ದಿತ್ತು, ಅಡಿಕೆ ಮುಟ್ಟಿದರೆ ಬಿಸಿ. ಮೇಲಿದ್ದದ್ದು ಹತ್ತಿ ಎಳೆದ ಹಾಗಿನ ತೆಳು ಮೋಡ ಅಷ್ಟೆ. ಆಕ್ಟಾ ಹೇಳುವುದು ಮೋಡ ಎಷ್ಟು ಅಗಲಕ್ಕೆ ಇದೆ ಅಂತ, ಎಷ್ಟು ದಪ್ಪ ಅಂತ ಅಲ್ಲ. ಈಗ ಪುಸ್ತಕದಲ್ಲಿ ಇನ್ನೊಂದು ಕಾಲಂ ಇದೆ: ನೆರಳು ಬಿದ್ದಿದೆಯಾ, ಇಲ್ವಾ. ಅಪ್ಪ ಕೇಳುವುದು ಅದೊಂದನ್ನೇ.