ಇಪಿಎ ಹತ್ರ ಬಯೋಡೀಸೆಲ್ ರಿಜಿಸ್ಟರ್ ಮಾಡಿಸೋದು: ನನ್ನ ಅನುಭವ

ಬಯೋಡೀಸೆಲ್ ಪ್ಲಾಂಟ್ ಕಟ್ಟಿ ಮುಗಿದಿದೆ, ಟ್ಯಾಂಕಲ್ಲಿ ಮಾಲು ಇದೆ, ಲ್ಯಾಬ್ ರಿಪೋರ್ಟ್ ಪಾಸಾಗಿದೆ, ಕೊಳ್ಳೋಕೆ ಟ್ರಕ್ ಸ್ಟಾಪ್‌ನೋರೂ ರೆಡಿ ಇದಾರೆ, ಆದ್ರೂ ಅಮೆರಿಕದಲ್ಲಿ ಅದನ್ನ ರೋಡಲ್ಲಿ ಓಡೋ ಗಾಡಿಗೆ ಅಂತ ಒಂದು ಗ್ಯಾಲನ್ ಸಹ ಮಾರೋ ಹಾಗಿಲ್ಲ, ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ಹತ್ರ ಇಂಧನ ರಿಜಿಸ್ಟರ್ ಆಗೋ ತನಕ. ನಾನು ದಾವಣಗೆರೆಯಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಓದಿ, ಇಲ್ಲಿ ಬಂದು ಕೆಲವು ವರ್ಷ ಪ್ರೊಸೆಸ್ ಕಡೆ ಕೆಲಸ ಮಾಡಿ, ಆಮೇಲೆ ಅಯೋವಾದ ಒಂದು ಪ್ಲಾಂಟಲ್ಲಿ ಈ ರಿಜಿಸ್ಟ್ರೇಷನ್ ಕೆಲಸಾನೇ ಹಿಡ್ಕೊಂಡೆ. ಸೋಯಾ ಎಣ್ಣೆ, ಹೋಟೆಲ್‌ಗಳಿಂದ ಬರೋ ಕರಿದ ಎಣ್ಣೆ, ಎರಡನ್ನೂ ಮೆಥನಾಲ್ ಜೊತೆ ರಿಯಾಕ್ಟ್ ಮಾಡಿಸಿ ಮೀಥೈಲ್ ಎಸ್ಟರ್, ಅಂದ್ರೆ ಬಯೋಡೀಸೆಲ್, ಮಾಡೋ ಪ್ಲಾಂಟ್ ಅದು. ಇದರ ಬಗ್ಗೆ ಕನ್ನಡದಲ್ಲಿ ಯಾರೂ ಬರೆದಿದ್ದು ನಾನು ನೋಡಿಲ್ಲ, ಇಲ್ಲಿ ಈ ಲೈನಲ್ಲಿರೋ ನಮ್ಮ ಹುಡುಗ್ರು ಹುಡುಗೀರು ಆಗಾಗ ಫೋನ್ ಮಾಡಿ ಕೇಳ್ತಾ ಇರ್ತಾರೆ, ಅದಕ್ಕೆ ಒಂದ್ಸಲ ಪೂರ್ತಿ ಬರೆದುಬಿಡೋಣ ಅಂತ ಕೂತೆ.

ಮೊದಲು ಇದು ಯಾಕಿದೆ ಅನ್ನೋದು ತಲೇಲಿ ಕೂರಬೇಕು, ಇಲ್ಲಾಂದ್ರೆ ಫಾರ್ಮ್ ಬರೀ ಫಾರ್ಮ್ ಆಗೇ ಉಳಿಯುತ್ತೆ. 1923ರಲ್ಲಿ ಪೆಟ್ರೋಲಿಗೆ ಸೀಸ ಬೆರೆಸಿ ಮಾರೋಕೆ ಶುರು ಮಾಡಿದ್ರು, ಇಂಜಿನ್ ನಾಕ್ ಆಗಲ್ಲ ಅನ್ನೋ ಒಂದೇ ಕಾರಣಕ್ಕೆ. ಅದನ್ನ ಅಮೆರಿಕದ ರೋಡ್ ಗಾಡಿಗಳಿಂದ ಪೂರ್ತಿ ತೆಗೆಯೋ ಹೊತ್ತಿಗೆ 1996 ಜನವರಿ 1 ಆಗಿತ್ತು. ಎಪ್ಪತ್ತು ವರ್ಷ ಮಕ್ಕಳು ಆ ಗಾಳೀನೇ ಕುಡಿದ್ರು. ಹಾಗಾಗಿ ಕ್ಲೀನ್ ಏರ್ ಆಕ್ಟ್‌ನ ಸೆಕ್ಷನ್ 211 ಹೇಳೋದು ಇಷ್ಟೇ: ಟ್ಯಾಂಕಿಗೆ ಏನು ಹಾಕ್ತೀಯೋ ಅದನ್ನ ಮೊದಲೇ ಹೇಳು, ಅದು ಉರಿದಾಗ ಹೊಗೆಯಲ್ಲಿ ಏನು ಬರುತ್ತೆ, ಅದರಿಂದ ಮನುಷ್ಯನ ಮೈಗೆ ಏನಾಗುತ್ತೆ ಅನ್ನೋದೂ ಹೇಳು, ಆಮೇಲೆ ಮಾರು. ಇದರ ರೂಲ್ಸ್ ಎಲ್ಲ 40 ಸಿಎಫ್‌ಆರ್ (ಅಮೆರಿಕದ ಕೇಂದ್ರ ಸರ್ಕಾರದ ನಿಯಮಗಳ ಪುಸ್ತಕ) ಪಾರ್ಟ್ 79ರಲ್ಲಿ ಇದೆ. ನನಗೆ ಈ ಕಾನೂನಿನ ಮೇಲೆ ನಿಜವಾಗ್ಲೂ ಗೌರವ ಇದೆ, ಕಂಪನಿ ಕಡೆಯಿಂದ ಕೆಲಸ ಮಾಡ್ತಾನೂ ಇದೆ.

ಪಾರ್ಟ್ 79 ಎಲ್ಲ ಇಂಧನಕ್ಕೂ ಅಲ್ಲ ಅನ್ನೋದು ಗಮನದಲ್ಲಿರಲಿ. ರೋಡ್ ಮೇಲೆ ಓಡೋ ಗಾಡಿಗಳ ಗ್ಯಾಸೋಲಿನ್, ಡೀಸೆಲ್, ಮತ್ತೆ ಅವಕ್ಕೆ ಬೆರೆಸೋ ಅಡಿಟಿವ್‌ಗಳು, ಇಷ್ಟೇ. ಸಿಎನ್‌ಜಿ, ಎಲ್‌ಪಿಜಿ ಇದರೊಳಗೆ ಬರಲ್ಲ. ನಿಮ್ಮ ಬಯೋಡೀಸೆಲ್ ಪೂರ್ತಿ ಮನೆ ಬಿಸಿ ಮಾಡೋ ಹೀಟಿಂಗ್ ಆಯಿಲಿಗೇ ಹೋಗುತ್ತೆ ಅಂದ್ರೂ ಪಾರ್ಟ್ 79 ಬೇಕಿಲ್ಲ. ಆದ್ರೆ ಒಂದು ಟ್ಯಾಂಕರ್ ರೋಡ್ ಡೀಸೆಲ್ ಕಡೆ ತಿರುಗಿದ್ರೂ ಬೇಕು. ಯಾವ ಪ್ಲಾಂಟ್ ತಾನೆ ಆ ದಾರಿ ಮುಚ್ಕೊಂಡು ಕೂರುತ್ತೆ, ಎಲ್ಲರೂ ಮಾಡಿಸ್ತಾರೆ.

ಈಗ ವಿಷಯಕ್ಕೆ. ಹೊಸಬರು ಎಲ್ಲರೂ ಮೊದಲು ಕೇಳೋದು ಯಾವ ಫಾರ್ಮ್ ತುಂಬಬೇಕು ಅಂತ. ಇಂಧನಕ್ಕೆ 3520-12, ಅಡಿಟಿವ್‌ಗೆ 3520-13, ಅದು ಬೇಗ ಮುಗಿಯೋ ಮಾತು. ನಾನು ಯಾವತ್ತೂ ಅಲ್ಲಿಂದ ಶುರು ಮಾಡಲ್ಲ. ಶುರು ಮಾಡೋದು ಹೆಲ್ತ್ ಡೇಟಾದಿಂದ, ಅಂದ್ರೆ ಇಂಧನದ ಹೊಗೆ ಮೈಗೆ ಏನು ಮಾಡುತ್ತೆ ಅನ್ನೋ ಟೆಸ್ಟ್ ಮಾಹಿತಿಯಿಂದ, ಯಾಕಂದ್ರೆ ಅದಿಲ್ಲದೆ ಫಾರ್ಮ್ ಎಷ್ಟು ಚೆನ್ನಾಗಿ ತುಂಬಿದ್ರೂ ಪ್ರಯೋಜನ ಇಲ್ಲ, ಅದು ಕೈಗೆ ಬರೋಕೇ ಎಲ್ಲಕ್ಕಿಂತ ಹೆಚ್ಚು ಟೈಮ್ ಹಿಡಿಯೋದು.

1994ರಲ್ಲಿ ಬಂದ ರೂಲ್ ಪ್ರಕಾರ ಇಂಧನಗಳನ್ನ ಮೂರು ಗುಂಪು ಮಾಡಿದಾರೆ. ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ, ಗಂಧಕ ಈ ಐದು ಬಿಟ್ಟು ಬೇರೆ ಧಾತು ಇರಬಾರದು, ಆಮ್ಲಜನಕ ಡೀಸೆಲ್‌ನಲ್ಲಿ ತೂಕದ ಶೇ. 1ಕ್ಕಿಂತ ಕಮ್ಮಿ, ಗ್ಯಾಸೋಲಿನ್‌ನಲ್ಲಿ ಶೇ. 1.5ಕ್ಕಿಂತ ಕಮ್ಮಿ ಇದ್ರೆ ಅದು ಬೇಸ್‌ಲೈನ್. ಇದೇ ಐದು ಧಾತು ಇದ್ದು ಆಮ್ಲಜನಕ ಜಾಸ್ತಿ ಇದ್ರೆ ನಾನ್ ಬೇಸ್‌ಲೈನ್. ಮ್ಯಾಂಗನೀಸ್ ಥರ ಬೇರೆ ಧಾತು ಬಂದ್ರೆ ಅಟಿಪಿಕಲ್. ನಮ್ಮ ಮೀಥೈಲ್ ಎಸ್ಟರ್‌ನಲ್ಲಿ ಆಮ್ಲಜನಕಾನೇ ಸುಮಾರು ಶೇ. 11 ಇರುತ್ತೆ, ಹಂಗಾಗಿ ಬಯೋಡೀಸೆಲ್ ನೇರವಾಗಿ ನಾನ್ ಬೇಸ್‌ಲೈನ್ ಡೀಸೆಲ್ ಗುಂಪಿಗೆ ಹೋಗುತ್ತೆ.

ಗುಂಪು ಗೊತ್ತಾದ ಮೇಲೆ ಟೆಸ್ಟಿಂಗ್. ಟಿಯರ್ 1 ಅಂದ್ರೆ ಇಲ್ಲಿ ತನಕ ಪ್ರಕಟವಾಗಿರೋ ಸಂಶೋಧನೆ ಎಲ್ಲ ಹುಡುಕಿ ಒಟ್ಟು ಮಾಡೋದು, ಜೊತೆಗೆ ಇಂಜಿನ್ ಓಡಿಸಿ ಹೊಗೆಯಲ್ಲಿರೋ ಒಂದೊಂದು ರಾಸಾಯನಿಕನೂ ಬಿಡಿಸಿ ಅಳೆಯೋದು. ಟಿಯರ್ 2 ಅಂದ್ರೆ ಆ ಹೊಗೆಯನ್ನ ಇಲಿಗಳಿಗೆ ವಾರಗಟ್ಟಲೆ ಉಸಿರಾಡಿಸಿ ಶ್ವಾಸಕೋಶ, ನರ, ಸಂತಾನ ಎಲ್ಲದರ ಮೇಲೆ ಏನು ಪರಿಣಾಮ ಅಂತ ನೋಡೋದು. ಅದರಲ್ಲಿ ಅನುಮಾನ ಬಂದ್ರೆ ಟಿಯರ್ 3, ಅದು ಕೇಸ್ ನೋಡ್ಕೊಂಡು ಇಪಿಎ ತೀರ್ಮಾನ ಮಾಡುತ್ತೆ. ಇದನ್ನ ಒಂದೊಂದು ಪ್ಲಾಂಟೂ ಒಬ್ಬೊಬ್ಬರೇ ಮಾಡೋಕೆ ಹೋದ್ರೆ ಮನೆ ಮಠ ಮಾರಬೇಕಾಗುತ್ತೆ, ಮಿಲಿಯನ್ ಡಾಲರ್‌ಗಟ್ಟಲೆ ಖರ್ಚು. ಅದಕ್ಕೇ ರೂಲ್‌ನಲ್ಲೇ ಒಂದು ದಾರಿ ಬಿಟ್ಟಿದಾರೆ, ಒಂದೇ ಗುಂಪಿಗೆ ಸೇರಿದ ತಯಾರಕರು ಒಟ್ಟಾಗಿ ಒಂದ್ಸಲ ಟೆಸ್ಟ್ ಮಾಡಿಸಿ ಡೇಟಾ ಹಂಚ್ಕೋಬಹುದು.

ಬಯೋಡೀಸೆಲ್‌ಗೆ ಈ ಕೆಲಸ ಮಾಡಿದ್ದು ಮಿಸ್ಸೂರಿಯ ಜೆಫರ್ಸನ್ ಸಿಟಿಯಲ್ಲಿರೋ ನ್ಯಾಷನಲ್ ಬಯೋಡೀಸೆಲ್ ಬೋರ್ಡ್ ಅನ್ನೋ ಉದ್ಯಮದ ಸಂಘ. 2022ರಿಂದ ಅದರ ಹೆಸರು ಕ್ಲೀನ್ ಫ್ಯೂಯೆಲ್ಸ್ ಅಲಯನ್ಸ್ ಅಮೆರಿಕ ಅಂತ ಆಗಿದೆ. ಟಿಯರ್ 1 ಟೆಕ್ಸಾಸ್‌ನ ಸೌತ್‌ವೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಾಯ್ತು, ಟಿಯರ್ 2 ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ಲವ್‌ಲೇಸ್ ಸಂಸ್ಥೆಯಲ್ಲಿ. ಸೋಯಾ ಬಯೋಡೀಸೆಲ್ ಉರಿಸೋ ಇಂಜಿನ್ನಿನ ಹೊಗೆಯನ್ನ ದಿನಕ್ಕೆ 6 ಗಂಟೆ, ವಾರಕ್ಕೆ 5 ದಿನ, 13 ವಾರ ಇಲಿಗಳಿಗೆ ಕೊಟ್ರು. 2000ನೇ ಇಸವಿಯಲ್ಲಿ ಪೂರ್ತಿ ಡೇಟಾ ಇಪಿಎ ಕೈ ಸೇರಿತು. ನಾನು ಆ ರಿಪೋರ್ಟ್ ಪೂರ್ತಿ ಓದಿದೀನಿ, ಕೆಲಸಕ್ಕೆ ಅಷ್ಟು ಬೇಕಿರಲಿಲ್ಲ, ಆದ್ರೂ ನಾವು ಮಾರೋ ವಸ್ತು ಬಗ್ಗೆ ಅಷ್ಟು ಜನ ಅಷ್ಟು ವರ್ಷ ಕೂತು ಹುಡುಕಿದಾರೆ ಅಂದ್ಮೇಲೆ ಓದದೆ ಸಹಿ ಹಾಕೋಕೆ ಮನಸ್ಸು ಬರಲಿಲ್ಲ. ಈ ಕೆಲಸಕ್ಕೆ ಬರೋ ಎಲ್ಲರಿಗೂ ನಾನು ಹೇಳೋದು ಅದೇ, ಸಾರಾಂಶ ಆದ್ರೂ ಓದಿ.

ಈ ಡೇಟಾ ಬಳಸ್ಕೊಳ್ಳೋಕೆ ಆ ಸಂಘದ ಜೊತೆ ಒಪ್ಪಂದ ಮಾಡ್ಕೊಂಡು ಒಂದು ಲೆಟರ್ ತಗೋಬೇಕು, ಅದನ್ನ ಅರ್ಜಿ ಜೊತೆ ಇಡಬೇಕು. ಇನ್ನೊಂದು ದಾರಿ ಸಣ್ಣ ಕಂಪನಿಗಳ ವಿನಾಯಿತಿ. ವರ್ಷದ ಒಟ್ಟು ಮಾರಾಟ 50 ಮಿಲಿಯನ್ ಡಾಲರಿಗಿಂತ ಕಮ್ಮಿ ಇದ್ರೆ ಬೇಸ್‌ಲೈನ್, ನಾನ್ ಬೇಸ್‌ಲೈನ್ ಇಂಧನಕ್ಕೆ ಟಿಯರ್ 1, ಟಿಯರ್ 2 ಎರಡೂ ಬೇಕಿಲ್ಲ. ಅಟಿಪಿಕಲ್ ಆದ್ರೆ ಮಿತಿ 10 ಮಿಲಿಯನ್, ಅದೂ ಟಿಯರ್ 2ಕ್ಕೆ ಮಾತ್ರ. ನಮ್ಮ ಪ್ಲಾಂಟ್ ಮ್ಯಾನೇಜರ್ ಇದನ್ನ ನೋಡಿ ಖುಷಿಯಾಗಿಬಿಟ್ಟಿದ್ರು, ನಾವು ಸಣ್ಣವರೇ ತಾನೆ ಅಂತ. ಆದ್ರೆ ಈ ಲೆಕ್ಕ ಪ್ಲಾಂಟಿನದಲ್ಲ, ಹಿಂದಿನ ಮೂರು ವರ್ಷದ ಸರಾಸರಿ, ತೆರಿಗೆ ಕಳೆದು, ಜೊತೆಗೆ ಮಾತೃ ಸಂಸ್ಥೆ, ಅಂಗ ಸಂಸ್ಥೆಗಳ ಮಾರಾಟ ಎಲ್ಲ ಕೂಡಿಸಿ. ನಮ್ಮ ಹಿಂದೆ ಧಾನ್ಯ ವ್ಯಾಪಾರದ ದೊಡ್ಡ ಗುಂಪು ಇತ್ತು, ಕೂಡಿಸಿದ್ರೆ ಮಿತಿ ಎಲ್ಲೋ ದಾಟಿ ಹೋಗ್ತಿತ್ತು. ಅಕೌಂಟ್ಸ್‌ನೋರ ಹತ್ರ ಪಟ್ಟಿ ತರಿಸಿ ಟೇಬಲ್ ಮೇಲಿಟ್ಟ ಮೇಲೆ ವಾದ ಮುಗೀತು, ಲೆಟರ್ ದಾರೀನೇ ಹಿಡಿದ್ವಿ. ಇನ್ನೊಂದು, ವಿನಾಯಿತಿ ಇರೋದು ಟೆಸ್ಟಿಂಗಿಗೆ ಮಾತ್ರ, ರಿಜಿಸ್ಟ್ರೇಷನ್ನಿಗಲ್ಲ. ಎಷ್ಟು ಸಣ್ಣ ಪ್ಲಾಂಟ್ ಆದ್ರೂ ಅರ್ಜಿ ಹಾಕ್ಲೇಬೇಕು.

ಲೆಟರ್ ಬರೋ ತನಕ ಕೈ ಕಟ್ಟಿ ಕೂರೋದಲ್ಲ, ಆ ಹೊತ್ತಲ್ಲಿ ಇಂಧನದ ವಿವರ ರೆಡಿ ಮಾಡ್ಕೊಳ್ಳಿ. ಯಾವ ಎಣ್ಣೆ, ಯಾವ ಕ್ಯಾಟಲಿಸ್ಟ್, ಮೆಥನಾಲ್ ಎಲ್ಲಿ ವಾಪಸ್ ತೆಗೀತೀವಿ, ಗ್ಲಿಸರಿನ್ ಎಲ್ಲಿ ಬೇರೆಯಾಗುತ್ತೆ, ನೀರಲ್ಲಿ ತೊಳೀತೀವಾ ರೆಸಿನ್‌ನಲ್ಲಿ ಹಾಯಿಸ್ತೀವಾ, ಇದೆಲ್ಲ ಒಂದು ಪ್ರೊಸೆಸ್ ಡಯಾಗ್ರಾಮ್ ಜೊತೆ ಸರಳವಾಗಿ ಬರೀಬೇಕು. ನಾನು ಇದನ್ನ ಆಪರೇಟರ್‌ಗಳ ಜೊತೆ ಪ್ಲಾಂಟಲ್ಲಿ ಓಡಾಡಿ, ಪೈಪ್ ಹಿಡ್ಕೊಂಡು ಹೋಗೇ ಬರೀತೀನಿ, ಯಾಕಂದ್ರೆ ಡ್ರಾಯಿಂಗ್‌ನಲ್ಲಿ ಇರೋದೇ ಬೇರೆ, ಫ್ಲೋರ್‌ನಲ್ಲಿ ಇರೋದೇ ಬೇರೆ ಇರುತ್ತೆ. ಜೊತೆಗೆ ನಮ್ಮ ಟ್ಯಾಂಕಿನ ಸ್ಯಾಂಪಲ್ ಎಎಸ್‌ಟಿಎಂ ಡಿ 6751 (ಬಯೋಡೀಸೆಲ್‌ನ ಅಮೆರಿಕನ್ ಗುಣಮಟ್ಟದ ಸ್ಟ್ಯಾಂಡರ್ಡ್) ಪಾಸಾಗಿರೋ ರಿಪೋರ್ಟ್. ಒಟ್ಟು ಗ್ಲಿಸರಿನ್ ಶೇ. 0.240 ಒಳಗೆ, ಬಿಡಿ ಗ್ಲಿಸರಿನ್ 0.020 ಒಳಗೆ, ಆಸಿಡ್ ನಂಬರ್ (ಆಮ್ಲ ಎಷ್ಟಿದೆ ಅನ್ನೋ ಅಳತೆ) 0.50 ಒಳಗೆ, ಸೋಡಿಯಂ ಪೊಟ್ಯಾಸಿಯಂ ಸೇರಿ 5 ಪಿಪಿಎಂ ಒಳಗೆ, ರೋಡ್ ಡೀಸೆಲ್‌ಗಾದ್ರೆ ಗಂಧಕ 15 ಪಿಪಿಎಂ ಒಳಗೆ. ಕರಿದ ಎಣ್ಣೆ ಬಳಸೋ ಪ್ಲಾಂಟಲ್ಲಿ ಕೈ ಕೊಡೋದು ಆಸಿಡ್ ನಂಬರ್ ಮತ್ತೆ ಗಂಧಕ, ಆ ಎರಡರ ಮೇಲೆ ಕಣ್ಣಿಟ್ಟಿರಿ.

ಅಡಿಟಿವ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಜನ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ಬಯೋಡೀಸೆಲ್ ಸ್ಟೋರ್ ಮಾಡಿದ್ರೆ ಗಾಳಿ ತಾಗಿ ಕೆಡುತ್ತೆ, ಅದಕ್ಕೆ ಆಂಟಿ ಆಕ್ಸಿಡೆಂಟ್ ಹಾಕ್ತೀವಿ, ಚಳಿಗೆ ಗಟ್ಟಿಯಾಗದ ಹಾಗೆ ಇನ್ನೊಂದು ಹಾಕ್ತೀವಿ. ಬೇಕು ಅಂತ ಬೆರೆಸಿ, ಮಾರೋ ಮುಂಚೆ ವಾಪಸ್ ತೆಗೆಯದೆ ಬಿಟ್ರೆ, ಬರೀ ಇಂಗಾಲ ಜಲಜನಕ ಅಷ್ಟೇ ಅಲ್ಲದ ಯಾವ ವಸ್ತುವಾದ್ರೂ ಕಾನೂನಿನ ಪ್ರಕಾರ ಅಡಿಟಿವ್. ಅದರ ಹೆಸರು, ತಯಾರಕರು, ಎಷ್ಟರಿಂದ ಎಷ್ಟು ಹಾಕ್ತೀವಿ, ಯಾಕೆ ಹಾಕ್ತೀವಿ ಎಲ್ಲ ನಮ್ಮ ಅರ್ಜಿಯಲ್ಲಿ ಬರ್ಬೇಕು, ಮತ್ತೆ ಆ ಅಡಿಟಿವ್‌ನ ಅದರ ತಯಾರಕರು ತಾವೇ ರಿಜಿಸ್ಟರ್ ಮಾಡಿಸಿರ್ಬೇಕು. ನಮಗೆ ಮಾಲು ಕೊಡ್ತಿದ್ದ ಒಬ್ಬ ವೆಂಡರ್ ಒಳಗೇನಿದೆ ಅಂತ ಹೇಳೋಕೆ ಒಪ್ಪಲೇ ಇಲ್ಲ, ಟ್ರೇಡ್ ಸೀಕ್ರೆಟ್ ಅಂದ್ರು. ಒಳಗೆ ಏನಿದೆ ಅಂತ ನಮಗೆ ಗೊತ್ತಿರಲೇಬೇಕು ಅಂತೇನಿಲ್ಲ, ಅವರು ಇಪಿಎಗೆ ಹೇಳಿದ್ರೆ ಸಾಕು. ರಿಜಿಸ್ಟರ್ ಆಗಿರೋ ಅಡಿಟಿವ್‌ಗಳ ಪಟ್ಟಿ ಇಪಿಎ ಸೈಟಲ್ಲಿ ಎಲ್ಲರಿಗೂ ಕಾಣೋ ಹಾಗೆ ಇದೆ, ಅಲ್ಲಿ ಆ ಬ್ರ್ಯಾಂಡ್ ಹೆಸರು ಹುಡುಕಿದ್ರೆ ಇರಲಿಲ್ಲ. ಅಲ್ಲಿಗೆ ಆ ವೆಂಡರ್ ಕಥೆ ಮುಗೀತು, ಪಟ್ಟಿಯಲ್ಲಿರೋ ಬೇರೆಯವರ ಮಾಲು ತಗೊಂಡ್ವಿ. ನಮ್ಮ ಬಯೋಡೀಸೆಲ್‌ನೇ ಬೇರೆಯವರು ತಮ್ಮ ಡೀಸೆಲ್‌ಗೆ ಬೆರೆಸ್ತಾರಲ್ಲ, ಅದಕ್ಕೆ ಅದನ್ನ ಇಂಧನ ಅಂತನೂ ಅಡಿಟಿವ್ ಅಂತನೂ ಎರಡೂ ಫಾರ್ಮಲ್ಲಿ ಹಾಕಿದ್ವಿ.

ನಮ್ಮ ಪ್ರೊಸೆಸ್ ಗುಟ್ಟು ಏನಾದ್ರೂ ಇದ್ರೆ ಕಾನ್ಫಿಡೆನ್ಷಿಯಲ್ ಅಂತ ಕ್ಲೇಮ್ ಮಾಡ್ಬಹುದು. ಎಲ್ಲಾದ್ರ ಮೇಲೂ ಆ ಸೀಲ್ ಹೊಡೀಬೇಡಿ, ನಿಜವಾಗ್ಲೂ ಗುಟ್ಟಾಗಿರೋ ಪುಟಕ್ಕೆ ಮಾತ್ರ ಹಾಕಿ.

ಈಗ ಎಲ್ಲ ಆನ್‌ಲೈನು. ಸೆಂಟ್ರಲ್ ಡೇಟಾ ಎಕ್ಸ್‌ಚೇಂಜ್ ಅಂತ ಪೋರ್ಟಲ್, ಅದರೊಳಗೆ ಇಂಧನದವರಿಗೆ ಬೇರೆ ಭಾಗ. ಕಂಪನಿಗೊಂದು ನಂಬರ್, ಪ್ಲಾಂಟಿಗೊಂದು ನಂಬರ್ ಬರುತ್ತೆ. ಸಹಿಯ ಜವಾಬ್ದಾರಿ ಕಂಪನಿಯ ಒಬ್ಬ ದೊಡ್ಡ ಅಧಿಕಾರಿ ಹೆಸರಲ್ಲಿ ಇರ್ಬೇಕು, ಅವರು ನಮ್ಮಂಥವರಿಗೆ ಡೆಲಿಗೇಟ್ ಮಾಡ್ಬೇಕು. ಆ ಅಧಿಕಾರಿ ಕೆಲಸ ಬಿಟ್ಟು ಹೋದ್ರೆ ಅಕೌಂಟ್ ಅಪ್‌ಡೇಟ್ ಮಾಡೋದು ಮರೀಬೇಡಿ.

ಇನ್ನು ರಿನ್, ಅಂದ್ರೆ ಬಯೋಡೀಸೆಲ್ ಥರದ ಇಂಧನ ಮಾಡೋರಿಗೆ ಗ್ಯಾಲನ್ ಲೆಕ್ಕದಲ್ಲಿ ಸಿಗೋ, ಮಾರಬಹುದಾದ ಕ್ರೆಡಿಟ್. ಪಾರ್ಟ್ 79 ಆದ್ರೆ ಆರ್‌ಎಫ್‌ಎಸ್ (ಇಂಥ ಇಂಧನ ಇಷ್ಟು ಬಳಸ್ಲೇಬೇಕು ಅನ್ನೋ ಅಮೆರಿಕದ ಕಾರ್ಯಕ್ರಮ) ಕೊಡೋ ಈ ಕ್ರೆಡಿಟ್ಟೂ ಬಂತು ಅಂದ್ಕೊಳ್ಳೋರು ತುಂಬಾ ಜನ. ಇಲ್ಲ, ಅದು ಪಾರ್ಟ್ 80, ಬೇರೇನೇ ರಿಜಿಸ್ಟ್ರೇಷನ್. ಅದಕ್ಕೆ ನಮಗೆ ಸಂಬಂಧ ಇಲ್ಲದ ಲೈಸೆನ್ಸ್ ಇರೋ ಇಂಜಿನಿಯರ್ ಪ್ಲಾಂಟಿಗೇ ಬಂದು ನೋಡಿ ರಿಪೋರ್ಟ್ ಬರೀಬೇಕು, ಮೂರು ವರ್ಷಕ್ಕೊಮ್ಮೆ ಮತ್ತೆ ಬರಬೇಕು. ಒಂದು ಗ್ಯಾಲನ್ ಬಯೋಡೀಸೆಲ್‌ಗೆ 1.5 ರಿನ್ ಸಿಗುತ್ತೆ, ದುಡ್ಡು ಅಲ್ಲೇ ಇರೋದು. ಮೇರಿಲ್ಯಾಂಡಲ್ಲಿ ಒಬ್ಬ ಬಯೋಡೀಸೆಲ್ಲೇ ಮಾಡದೆ ಮಿಲಿಯನ್‌ಗಟ್ಟಲೆ ರಿನ್ ಮಾರಿ 2012ರಲ್ಲಿ ಅಪರಾಧಿ ಅಂತ ಸಾಬೀತಾದ. ಇಂಜಿನಿಯರ್ ಬಂದು ಟ್ಯಾಂಕ್, ಪೈಪ್, ಪ್ರಶ್ನೆ ಮೇಲೆ ಪ್ರಶ್ನೆ ಅಂತ ಕೂತಾಗ ಬೇಜಾರು ಮಾಡ್ಕೋಬೇಡಿ, ಪ್ರಾಮಾಣಿಕವಾಗಿ ಮಾಡೋರಿಗೆ ಅದು ರಕ್ಷಣೆ.

ಅರಸೀಕೆರೆಯಿಂದ ನಮ್ಮ ಸೋದರಮಾವನ ಮಗ ಒಂದ್ಸಲ ಕೇಳಿದ್ದ, "ಭಾವ, ಇಲ್ಲಿ ಹಾಸನದ ಮಡೆನೂರು ಬಯೋಫ್ಯೂಯೆಲ್ ಪಾರ್ಕ್ ನೋಡಿ ಬಂದೆ, ಹೊಂಗೆ ಬೀಜದ ಎಣ್ಣೆಯಿಂದ ಡೀಸೆಲ್ ಮಾಡ್ತಾರೆ, ನಾವು ಮಾಡಿ ಅಮೆರಿಕಕ್ಕೆ ಕಳಿಸಿದ್ರೆ ನಡೆಯುತ್ತಾ?" ಅಂತ. ಈ ಪ್ರಶ್ನೆ ಬೇರೆಯವರಿಂದಾನೂ ಬಂದಿದೆ, ಅದಕ್ಕೆ ಅವನಿಗೆ ಹೇಳಿದ್ದನ್ನೇ ಹೇಳ್ತೀನಿ. ಪಾರ್ಟ್ 79 ಕಣ್ಣಿಗೆ ಇಲ್ಲಿ ಇಳಿಸ್ಕೊಳ್ಳೋ ಆಮದುದಾರನೇ ತಯಾರಕ, ಹಂಗಾಗಿ ಅವನು ರಿಜಿಸ್ಟರ್ ಆಗಿರ್ಬೇಕು. ಮಾಲು ಮೀಥೈಲ್ ಎಸ್ಟರ್ ಆಗಿ ಡಿ 6751 ಪಾಸಾಗ್ಬೇಕು, ನಮ್ಮೂರಿನ ಇಂಡಿಯನ್ ಸ್ಟ್ಯಾಂಡರ್ಡ್ ಐಎಸ್ 15607 ರಿಪೋರ್ಟ್ ಇದ್ರೆ ಸಾಲಲ್ಲ. ರಿನ್ ಬೇಕಂದ್ರೆ ಯಾವ ಬೀಜದ ಎಣ್ಣೆ ಅನ್ನೋದು ಇಪಿಎ ಒಪ್ಪಿರೋ ದಾರಿಗಳೊಳಗೆ ಬರ್ಬೇಕು, ಅದು ಮೊದಲು ನೋಡ್ಕೊಂಡು ಆಮೇಲೆ ಹಡಗಿನ ಲೆಕ್ಕ ಹಾಕಪ್ಪ ಅಂದೆ. ಹೊಂಗೆ ನಮ್ಮ ಜಿಲ್ಲೆಯಲ್ಲೇ ಪಂಪ್‌ಸೆಟ್ಟು ಟ್ರ್ಯಾಕ್ಟರಿಗೆ ಉಪಯೋಗ ಆದ್ರೆ ನನಗೆ ಹೆಚ್ಚು ಸಂತೋಷ ಅಂತಾನೂ ಅಂದೆ.

ರಿಜಿಸ್ಟರ್ ಆದ ಮೇಲೆ ಕೆಲಸ ಮುಗಿಯಲ್ಲ. ಪ್ರತಿ ವರ್ಷ ಮಾರ್ಚ್ 31ರೊಳಗೆ ಹಿಂದಿನ ವರ್ಷ ಎಷ್ಟು ಮಾಡಿದ್ವಿ, ಯಾವ ಅಡಿಟಿವ್ ಎಷ್ಟು ಹಾಕಿದ್ವಿ ಅಂತ ರಿಪೋರ್ಟ್ ಕೊಡ್ಬೇಕು. ಕೊಟ್ಟ ಮಾಹಿತಿಯಲ್ಲಿ ಏನಾದ್ರೂ ಬದಲಾದ್ರೆ 30 ದಿನದೊಳಗೆ ತಿಳಿಸ್ತೀವಿ ಅಂತ ಅರ್ಜಿಯಲ್ಲೇ ಮಾತು ಕೊಟ್ಟಿರ್ತೀವಿ. ಇನ್ನೊಂದು ಮಾತೂ ಕೊಟ್ಟಿರ್ತೀವಿ, ಈ ರಿಜಿಸ್ಟ್ರೇಷನ್ ಅಂದ್ರೆ ಸರ್ಕಾರ ನಮ್ಮ ಇಂಧನ ಒಪ್ಪಿದೆ, ಶಿಫಾರಸು ಮಾಡಿದೆ ಅಂತ ಎಲ್ಲೂ ಹೇಳ್ಕೊಳ್ಳಲ್ಲ ಅಂತ. ನಮ್ಮ ಮಾರ್ಕೆಟಿಂಗ್‌ನೋರು ಟ್ಯಾಂಕರ್ ಮೇಲೆ ಇಪಿಎ ಅಪ್ರೂವ್ಡ್ ಅಂತ ಬರೆಸೋಕೆ ಡಿಸೈನ್ ಮಾಡಿಸಿ ತಂದಿದ್ರು, ಆ ಅರ್ಜಿಯ ಸಾಲು ತೋರಿಸಿ ಅದನ್ನ ತೆಗೆಸ್ದೆ. ಬ್ರೋಷರ್, ಸೈಟು, ಇನ್‌ವಾಯ್ಸ್‌ನ ಕೆಳಗಿನ ಸಾಲು, ಎಲ್ಲವನ್ನೂ ವರ್ಷಕ್ಕೊಮ್ಮೆ ಮಾರ್ಚ್ ರಿಪೋರ್ಟ್ ಮಾಡೋವಾಗಲೇ ನಾನೇ ಕೂತು ಓದ್ತೀನಿ, ನೀವೂ ಹಾಗೇ ಮಾಡಿ.