ಊರುಗೋಲು ಮತ್ತು ನಮ್ಮನೆ ಹೊಸ್ತಿಲು

ಮೊಣಕಾಲ ಕೆಳಗಿನ ಮೂಳೆ ಮುರಿದು ಒಳಗೆ ರಾಡ್ ಹಾಕಿದ್ದರು. ಆ ಕಾಲಿನ ಮೇಲೆ ಸದ್ಯಕ್ಕೆ ಭಾರ ಬಿಡಬೇಡಿ ಅಂತ ಡಾಕ್ಟರು ಹೇಳಿದರು. ಭಾರ ಬಿಡದೆ ಊರುಗೋಲು ಹಿಡಿದು ನಡೆಯೋದು ಹೇಗೆ ಅನ್ನೋದನ್ನು ನನಗೆ ಕಲಿಸಿದ್ದು ಫಿಸಿಯೋ ಮೇಡಂ.

ಅವರು ನಡೆಸುವ ಮೊದಲು ಅಳತೆ ನೋಡಿದರು. ಚಪ್ಪಲಿ ಹಾಕಿಸಿ ನೇರ ನಿಲ್ಲಿಸಿದರು. ಕಂಕುಳಿಗೂ ಊರುಗೋಲಿನ ಮೇಲ್ತುದಿಗೂ ನಡುವೆ ಎರಡು ಮೂರು ಬೆರಳು ಹೋಗುವಷ್ಟು ಜಾಗ. ಕೈ ಇಳಿಬಿಟ್ಟರೆ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ. ಹಿಡಿದಾಗ ಮೊಣಕೈ ತುಸು ಬಾಗಿರಬೇಕು.

ಸುಸ್ತಾದಾಗ ಕಂಕುಳು ಕೊಟ್ಟು ಜೋತುಬೀಳೋಣ ಅನಿಸುತ್ತದೆ. ಬೇಡ. ಅಲ್ಲಿ ಕೈಗೆ ಹೋಗುವ ನರಗಳಿವೆ. ಒತ್ತುತ್ತಲೇ ಇದ್ದರೆ ಕೈ ಜೋಮು ಹಿಡಿಯುತ್ತದೆ, ಮಣಿಕಟ್ಟು ಎತ್ತೋಕೂ ಆಗದೆ ಹೋಗಬಹುದು. ಭಾರವೆಲ್ಲ ಅಂಗೈ ಮೇಲೆ, ಮೇಲ್ತುದಿ ಪಕ್ಕೆಗೆ ಒತ್ತಿಕೊಂಡಿರಬೇಕು. ಮೊದಮೊದಲು ಅಂಗೈ ಉರಿಯುತ್ತಿತ್ತು. ಅಮ್ಮ ಹಿಡಿಕೆಗೆ ಹಳೆ ಬನಿಯನ್ ಬಿಗಿಯಾಗಿ ಸುತ್ತಿ ಹೊಲಿದು ಕೊಟ್ಟರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರು ಬೇಕಾದರೂ ನಡೀತಾರೆ. ಕಷ್ಟ ಇರೋದು ಮನೆಯಲ್ಲಿ. ಮೊದಲು ಕಾಲೊರಸುಗಳನ್ನೆಲ್ಲ ತೆಗೆಸಿದೆ. ನಮ್ಮದು ರೆಡ್ ಆಕ್ಸೈಡ್ ನೆಲ, ಊರುಗೋಲಿನ ಕೆಳತುದಿಯ ರಬ್ಬರ್ ಬುಷ್ ಒದ್ದೆಯಾದರೆ ಜಾರೋದೇ. ಬಚ್ಚಲಿನಿಂದ ಹೊರಬರುವಾಗ ಬುಷ್ ಒರೆಸಿಕೊಳ್ಳುವುದಕ್ಕೇ ಒಂದು ಬಟ್ಟೆ ಬಾಗಿಲಲ್ಲಿ ನೇತುಹಾಕಿದ್ದೆವು. ಸವೆದು ನುಣ್ಣಗಾದರೆ ಬುಷ್ ಮಾತ್ರ ಬದಲಾಯಿಸಬಹುದು. ಹೊಸ್ತಿಲ ಹತ್ತಿರ ನಿಂತು, ಎರಡೂ ಊರುಗೋಲನ್ನು ಆಚೆ ಊರಿ, ಆಮೇಲೆ ಒಳ್ಳೆ ಕಾಲು. ಹೊಸ್ತಿಲು ತುಳಿಯಬಾರದು ಅಂತ ಅಜ್ಜಿ ಬೈತಿದ್ದರು, ಊರುಗೋಲಿಗೂ ಅದೇ ಕಾನೂನು.

ಮೆಟ್ಟಿಲಲ್ಲಿ ಹತ್ತುವಾಗ ಒಳ್ಳೆ ಕಾಲು ಮೊದಲು. ಇಳಿಯುವಾಗ ಊರುಗೋಲು ಮೊದಲು, ಜೊತೆಗೆ ಆಪರೇಷನ್ ಆದ ಕಾಲು, ಕೊನೆಗೆ ಒಳ್ಳೆ ಕಾಲು. ಧೈರ್ಯ ಸಾಲದ ದಿನ ಕೂತುಕೊಂಡೇ ಒಂದೊಂದು ಮೆಟ್ಟಿಲು ಇಳಿದಿದ್ದೇನೆ. ಅದರಲ್ಲಿ ನಾಚಿಕೆ ಏನು ಬಂತು?

ಕಾಫಿ ಲೋಟ ಹಿಡಿಯೋಕೆ ಮಾತ್ರ ಕೈ ಇರುವುದಿಲ್ಲ. ಪುಟ್ಟ ಫ್ಲಾಸ್ಕಿಗೆ ಹಾಕಿ ಬಗಲಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಮುಂದೆ ಎಕ್ಸ್-ರೇ ನೋಡಿ 'ಸ್ವಲ್ಪ ಭಾರ ಬಿಡಿ' ಅಂದರು. ಸ್ವಲ್ಪ ಅಂದ್ರೆ ಎಷ್ಟು? ಫಿಸಿಯೋ ತೂಕದ ಮಿಷನ್ ತರಿಸಿದರು. ಆ ಪಾದ ಅದರ ಮೇಲೆ, ಇನ್ನೊಂದು ಪಾದ ಅಷ್ಟೇ ಎತ್ತರದ ಹಲಗೆ ಮೇಲೆ. ಮುಳ್ಳು 10 ಕೆಜಿಗೆ ಬರುವಷ್ಟು ಮಾತ್ರ ಒತ್ತಿ, ಆ ಒತ್ತಡ ಹೇಗಿರುತ್ತೆ ಅಂತ ಕಾಲಿಗೇ ಅಭ್ಯಾಸ ಮಾಡಿಸಿದರು. ನನಗೆ ಹೇಳಿದ್ದು 10. ನಿಮಗೆಷ್ಟು ಅಂತ ನಿಮ್ಮ ಡಾಕ್ಟರನ್ನೇ ಕೇಳಿ.